ಹಳೇ ಬಾಡಿಗೆ ಕಟ್ಟಡ: ಖರ್ಚು ಮತ್ತು ಫೋನು ಎರಡೂ ಕಡಿಮೆ ಆಗಲು ಮೊದಲು ಏನು ಮಾಡಬೇಕು?

ಮೂರನೇ ಮಹಡಿ (ಪ್ರಶ್ನೆ):

ಅಪ್ಪ ಕಟ್ಟಿಸಿದ ಬಾಡಿಗೆ ಕಟ್ಟಡ ಈಗ ನನ್ನ ಕೈಗೆ ಬಂದಿದೆ. ಮೂರು ಮಹಡಿ, 12 ಮನೆ. ಒಂದೂ ಖಾಲಿ ಇಲ್ಲ, ಬಾಡಿಗೆಯೂ ಸರಿಯಾಗಿ ಬರುತ್ತದೆ. ಆದರೆ ಬಂದ ದುಡ್ಡು ಕೈಯಲ್ಲಿ ನಿಲ್ಲುವುದಿಲ್ಲ. ನೀರಿನ ಬಿಲ್ಲು, ಕಾಮನ್ ಮೀಟರಿನ ಕರೆಂಟ್ ಬಿಲ್ಲು, ಪ್ಲಂಬರ್ ಕೂಲಿ ಅಂತ ಹೋಗುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಫೋನು. ಆಫೀಸಿನಲ್ಲಿ ಕೂತಿದ್ದರೆ "ನೀರು ಬರ್ತಿಲ್ಲ, ಮೋಟರ್ ಹಾಕಿ" ಅಂತ ಒಬ್ಬರು. ರಾತ್ರಿ "ಟ್ಯಾಂಕ್ ತುಂಬಿ ಹರೀತಿದೆ" ಅಂತ ಇನ್ನೊಬ್ಬರು.

ರಿಪೇರಿಗೆ ಅಂತ ಸ್ವಲ್ಪ ದುಡ್ಡು ಎತ್ತಿಟ್ಟಿದ್ದೇನೆ. ಒಬ್ಬರು ಸೋಲಾರ್ ಹಾಕಿಸಿ ಅಂದರು. ಇನ್ನೊಬ್ಬರು ಎಲ್ಲ ಬಾಗಿಲಿಗೂ ಸ್ಮಾರ್ಟ್ ಲಾಕ್ ಅಂದರು. ಪೇಂಟ್ ಕಂಟ್ರಾಕ್ಟರ್ ಹೊರಗೋಡೆ ಪೂರ್ತಿ ಬಳಿಯುವ ಲೆಕ್ಕ ಕೊಟ್ಟು ಹೋಗಿದ್ದಾರೆ. ಎಲ್ಲಾ ಒಟ್ಟಿಗೆ ಮಾಡುವಷ್ಟು ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇ ಬೀಗ (ಉತ್ತರ):

ಮೂರನ್ನೂ ಸದ್ಯಕ್ಕೆ ಬದಿಗಿಡಿ. ಕಳೆದ ವರ್ಷದ ಬಿಲ್ಲುಗಳನ್ನೆಲ್ಲ ಮುಂದೆ ಹರಡಿಕೊಂಡು, ಯಾವ ಬಿಲ್ಲು ಯಾರು ಕಟ್ಟುತ್ತಾರೆ ಅಂತ ನೋಡಿ. ಮನೆಯೊಳಗಿನ ಕರೆಂಟಿಗೆ ಬಾಡಿಗೆಯವರದ್ದೇ ಮೀಟರ್ ಇದ್ದರೆ, ನೀವು 75 ವ್ಯಾಟಿನ ಫ್ಯಾನ್ ತೆಗೆದು 30 ವ್ಯಾಟಿನ, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೂ ಉಳಿಯುವುದು ಅವರ ದುಡ್ಡು. ಒಳ್ಳೆಯ ಕೆಲಸವೇ, ಬೇಡ ಅನ್ನುವುದಿಲ್ಲ. ಆದರೆ ನೀವು ಕೇಳಿದ್ದು ಅದಲ್ಲ ಅಲ್ವಾ? ನಿಮ್ಮ ಜೇಬಿನಿಂದ ಹೋಗುವುದು ನೀರು, ಮೋಟರ್, ಮೆಟ್ಟಿಲ ದೀಪ.

ನನ್ನ ಅನುಭವದಲ್ಲಿ ಹಳೇ ಕಟ್ಟಡದ ದುಡ್ಡು ಜಾಸ್ತಿ ಸೋರುವುದು ಕಮೋಡಿನಲ್ಲಿ. ನಲ್ಲಿ ತೊಟ್ಟಿಕ್ಕಿದರೆ ಸದ್ದಾಗುತ್ತದೆ, ಯಾರಾದರೂ ಹೇಳುತ್ತಾರೆ. ಫ್ಲಶ್ ಟ್ಯಾಂಕಿನ ವಾಷರ್ ಹೋದರೆ ನೀರು ಕಮೋಡಿನ ಒಳಮೈಗುಂಟ ಸುಮ್ನೆ ಜಾರುತ್ತಿರುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಇಳಿದಿದ್ದರೆ ಸೋರುತ್ತಿದೆ ಅಂತಲೇ ಅರ್ಥ. 12 ಮನೆಗೂ ಇದನ್ನು ಮಾಡಿ. ಹಾಗಂತ ತೊಟ್ಟಿಕ್ಕುವ ನಲ್ಲಿಯನ್ನೂ ಬಿಡಬೇಡಿ. ಸೆಕೆಂಡಿಗೆ ಒಂದು ಹನಿ ಅಂದರೂ ದಿನಕ್ಕೆ 20 ಲೀಟರ್ ಆಸುಪಾಸು ಹೋಗುತ್ತದೆ. ಫ್ಲಶ್ ಟ್ಯಾಂಕ್ ತೀರಾ ಹಳೆಯದಾಗಿದ್ದರೆ ಪ್ರತಿ ಸಲ 10 ಲೀಟರಿಗೂ ಜಾಸ್ತಿ ಸುರಿಯುತ್ತದೆ. ಎರಡು ಗುಂಡಿಯದ್ದು ಹಾಕಿಸಿದರೆ ದೊಡ್ಡ ಗುಂಡಿಗೆ 6 ಲೀಟರ್, ಚಿಕ್ಕದಕ್ಕೆ 3 ಲೀಟರಿನಲ್ಲಿ ಮುಗಿಯುತ್ತದೆ. ಹೊಸ ಟ್ಯಾಂಕ್ ಕೊಳ್ಳುವ ಮುಂಚೆ ನಿಮ್ಮ ಕಮೋಡಿಗೆ ಅಷ್ಟು ನೀರು ಸಾಕಾಗುತ್ತದಾ ಅಂತ ಪ್ಲಂಬರ್ ಹತ್ತಿರ ಕೇಳಿ. ಸಾಲದಿದ್ದರೆ ಜನ ಎರಡೆರಡು ಸಲ ಒತ್ತುತ್ತಾರೆ, ಉಳಿತಾಯ ಅಲ್ಲಿಗೇ ಹೋಯಿತು.

ಆಮೇಲೆ ವಾಲ್ವ್. ಪ್ರತಿ ಮನೆಗೂ ನೀರು ನಿಲ್ಲಿಸಲು ಅದರದ್ದೇ ಒಂದು ಬಾಲ್ ವಾಲ್ವ್ ಇರಲೇಬೇಕು, ಹೊರಗಿನಿಂದ ಕೈಗೆ ಸಿಗುವ ಜಾಗದಲ್ಲಿ. ಇಲ್ಲದಿದ್ದರೆ ಒಂದು ಮನೆಯ ನಲ್ಲಿ ಬದಲಿಸಲು ಇಡೀ ಕಟ್ಟಡದ ನೀರು ನಿಲ್ಲಿಸಬೇಕು. ಆಗ ನಿಮಗೆ ಬರುವುದು ಒಂದು ಫೋನಲ್ಲ, ಹನ್ನೆರಡು.

ಮೋಟರಿಗೆ ಆಟೋಮ್ಯಾಟಿಕ್ ಲೆವೆಲ್ ಕಂಟ್ರೋಲರ್ ಹಾಕಿಸಿ. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ತಾನೇ ಶುರು, ತುಂಬಿದರೆ ತಾನೇ ಬಂದ್. ಕೆಳಗಿನ ಟ್ಯಾಂಕಿನಲ್ಲೂ ಸೆನ್ಸರ್ ಇರಲಿ. ನೀರಿಲ್ಲದೆ ಮೋಟರ್ ಒಣ ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ನೀವು ಹೇಳಿದ ಎರಡು ಫೋನೂ ಇದೊಂದರಲ್ಲೇ ನಿಲ್ಲುತ್ತವೆ.

ದೀಪದ ಲೆಕ್ಕ ಸುಲಭ. ಮೆಟ್ಟಿಲಲ್ಲಿ 40 ವ್ಯಾಟಿನ 10 ದೀಪ ರಾತ್ರಿ 12 ಗಂಟೆ ಉರಿದರೆ ವರ್ಷಕ್ಕೆ ಸುಮಾರು 1,750 ಯೂನಿಟ್. 10 ವ್ಯಾಟಿನ ಎಲ್‌ಇಡಿ ಹಾಕಿದರೆ 440ರ ಹತ್ತಿರ. ಏನೇ ಹಾಕಿಸುವ ಮುಂಚೆಯೂ ಹೀಗೇ ಕೂತು ಲೆಕ್ಕ ಹಾಕಿ. ಖರ್ಚನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ದುಡ್ಡು ವಾಪಸ್ ಅಂತ ಗೊತ್ತಾಗುತ್ತದೆ. ಮಾರುವವರು ಹೇಳುವ ಲೆಕ್ಕ ಬೇರೆಯೇ ಇರುತ್ತದೆ ಬಿಡಿ.

ಇನ್ನೊಂದು ವಿಷಯ. ಇದನ್ನು ಯಾರೂ ನಿಮಗೆ ಮಾರುವುದಿಲ್ಲ, ಅದಕ್ಕೇ ಯಾರೂ ಹೇಳುವುದೂ ಇಲ್ಲ. 12 ಮನೆಗೂ ಒಂದೇ ನಮೂನೆ ಸಾಮಾನು ಇರಲಿ. ಒಂದೇ ಮಾದರಿಯ ನಲ್ಲಿ, ಒಂದೇ ಫ್ಲಶ್ ಫಿಟ್ಟಿಂಗ್, ಒಂದೇ ಸ್ವಿಚ್ಚು, ಗೋಡೆಗೆ ಒಂದೇ ಬಣ್ಣ. ಬಣ್ಣದ ಕೋಡ್ ನಂಬರನ್ನು ಎಲ್ಲಾದರೂ ಬರೆದಿಡಿ. ಹೀಗಿದ್ದರೆ ಒಂದು ಡಬ್ಬಿಯಲ್ಲಿ ಬಿಡಿ ಸಾಮಾನು ಇಟ್ಟುಕೊಳ್ಳಬಹುದು. ಪ್ಲಂಬರ್ ಬಂದು ನೋಡಿ, ಅಂಗಡಿಗೆ ಹೋಗಿ, ಸಾಮಾನು ಹೊಂದದೆ ನಾಳೆ ಬರ್ತೀನಿ ಅನ್ನುವ ಕಥೆ ಇರುವುದಿಲ್ಲ. ಯಾರಾದರೂ ಖಾಲಿ ಮಾಡಿದರೆ ಗೋಡೆಯ ಕಲೆಯಾದಷ್ಟು ಜಾಗಕ್ಕೆ ಬಳಿದರೆ ಸಾಕು. ಇದನ್ನೆಲ್ಲ ಒಟ್ಟಿಗೆ ಮಾಡಬೇಕಿಲ್ಲ. ಮನೆ ಖಾಲಿಯಾದಾಗ ಒಂದೊಂದಾಗಿ ಮಾಡಿ.

ಸ್ಮಾರ್ಟ್ ಲಾಕ್ ನನಗಂತೂ ಬೇಡ. ಬ್ಯಾಟರಿ ಮುಗಿದು ಬಾಗಿಲು ತೆಗೆಯದಿದ್ದರೆ ಫೋನ್ ಯಾರಿಗೆ ಬರುತ್ತದೆ? ಕೀಲಿ ತೂರಿಸುವ ಭಾಗವನ್ನು (ಸಿಲಿಂಡರ್) ಮಾತ್ರ ಬಿಚ್ಚಿ ಬದಲಿಸುವಂಥ ಬೀಗ ಸಾಕು. ಒಂದು ಸಿಲಿಂಡರ್ ಜಾಸ್ತಿ ಇಟ್ಟುಕೊಂಡು, ಮನೆ ಖಾಲಿಯಾದಾಗ ಅದನ್ನು ಹಾಕಿ. ಬಿಚ್ಚಿದ್ದನ್ನು ಮುಂದೆ ಖಾಲಿಯಾಗುವ ಮನೆಗೆ ಇಡಿ.

ತಂತಿಕೆಲಸ (ಉತ್ತರ):

ಮೇಲಿನವರು ಹೇಳಿದ್ದು ಸರಿ, ಎರಡು ಮಾತು ಸೇರಿಸುತ್ತೇನೆ. ಮೆಟ್ಟಿಲಿಗೆ, ಜನ ಓಡಾಡಿದಾಗ ಮಾತ್ರ ದೀಪ ಹೊತ್ತಿಸುವ ಮೋಷನ್ ಸೆನ್ಸರ್ ಹಾಕಿಸಿದರೂ ಪ್ರತಿ ಮಹಡಿಗೆ ಒಂದು ದೀಪ ಸದಾ ಉರಿಯಲಿ. ವಯಸ್ಸಾದವರು ಅರ್ಧ ಮೆಟ್ಟಿಲಲ್ಲಿ ನಿಂತಾಗ ಬೆಳಕು ಆರಬಾರದು. ಎರಡನೆಯದು, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಪ್ರತಿ ಮನೆಗೂ ಬೇರೆಬೇರೆ ಇರಲಿ. ಇಡೀ ಕಟ್ಟಡಕ್ಕೆ ಒಂದೇ ಇದ್ದರೆ ಯಾರದೋ ಗೀಸರಿನಲ್ಲಿ ಕರೆಂಟ್ ಲೀಕ್ ಆದಾಗ ಎಲ್ಲರ ಮನೆಯೂ ಕತ್ತಲು. ಅರ್ಥಿಂಗ್ ಕೂಡ ಚೆಕ್ ಮಾಡಿಸಿ. ಇದರಿಂದ ಬಿಲ್ಲು ಇಳಿಯುವುದಿಲ್ಲ, ಆದರೆ ಇದನ್ನು ಮಾಡಿಸದೆ ಬೇರೆ ಕೆಲಸಕ್ಕೆ ಕೈ ಹಾಕಬೇಡಿ.

ಬಾಡಿಗೆಯವಳು (ಉತ್ತರ):

ನಾನು ಆ ಕಡೆಯವಳು. ಮುಂದೆ ಯಾರಾದರೂ ಮನೆಮನೆಗೂ ನೀರಿನ ಮೀಟರ್ ಹಾಕಿಸಿ ಅನ್ನುತ್ತಾರೆ, ಖಂಡಿತ. ಹಾಕಿಸಿ, ನನ್ನ ವಿರೋಧ ಇಲ್ಲ. ಆದರೆ ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಮೀಟರ್. ನಾನಿದ್ದ ಒಂದು ಮನೆಯಲ್ಲಿ ಮಾಲೀಕರ ಹಾಳಾದ ಫ್ಲಶ್ಶಿನ ನೀರಿಗೆ ನಾವು ದುಡ್ಡು ಕಟ್ಟುತ್ತಿದ್ದೆವು. ಇನ್ನೊಂದು, ರಿಪೇರಿ ಕೆಲಸ ಇದ್ದರೆ ಹಿಂದಿನ ಸಂಜೆಯೇ ಎಲ್ಲರಿಗೂ ಒಂದು ಮೆಸೇಜ್ ಹಾಕಿ. ಅರ್ಧ ಫೋನು ಅಲ್ಲೇ ನಿಲ್ಲುತ್ತವೆ.

ಮೂರನೇ ಮಹಡಿ:

ಎಲ್ಲರಿಗೂ ಧನ್ಯವಾದ. ಬಣ್ಣದ ಪರೀಕ್ಷೆ ನಮ್ಮ ಮನೆಯಲ್ಲೇ ಮಾಡಿದೆ. ಹತ್ತು ನಿಮಿಷಕ್ಕೇ ಕಮೋಡ್ ನೀಲಿ! ವಾಲ್ವ್ ಮತ್ತು ಕಂಟ್ರೋಲರಿಗೆ ಹೇಳಿದ್ದೇನೆ. ಆದರೆ ಹೊರಗೋಡೆಯಲ್ಲಿ ಬಿರುಕುಗಳಿವೆ, ಒಂದು ಕಡೆ ಒಳಗೆ ತೇವವೂ ಇದೆ. ಪೇಂಟಿನವರನ್ನು ಬೇಡ ಅಂತ ವಾಪಸ್ ಕಳಿಸಿಬಿಡಲಾ?

ಹಳೇ ಬೀಗ:

ಬಿರುಕಿದ್ದರೆ ಮಾತು ಬೇರೆ. ಅದನ್ನು ಮುಂದಕ್ಕೆ ಹಾಕಬೇಡಿ. ನೀರು ಒಳಗೆ ಹೋಗಿ ಕಬ್ಬಿಣಕ್ಕೆ ತುಕ್ಕು ಹಿಡಿದರೆ, ತುಕ್ಕು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ತೇವದ ಗುರುತಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ. ಮಳೆ ಬಂದಾಗ ಮಾತ್ರ ಹರಡಿದರೆ ಹೊರಗೋಡೆ ಅಥವಾ ತಾರಸಿಯದ್ದು. ಮಳೆ ಇಲ್ಲದಾಗಲೂ ಬೆಳೆಯುತ್ತಿದ್ದರೆ ಬಹುಶಃ ಪೈಪು. ಪೈಪಾದರೆ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ. ಹಾಗಾಗಿ ಪೇಂಟಿನವರಿಗೆ ಬಿರುಕು ತುಂಬುವ ಕೆಲಸಕ್ಕೆ ಬೇರೆಯಾಗಿ, ಬಣ್ಣಕ್ಕೆ ಬೇರೆಯಾಗಿ ಲೆಕ್ಕ ಕೊಡಿ ಅನ್ನಿ. ಸದ್ಯ ಮೊದಲನೆಯದನ್ನು ಮಾತ್ರ ಮಾಡಿಸಿ. ಸೋಲಾರ್ ಯೋಚನೆ ಇನ್ನೂ ಇದ್ದರೆ ತಾರಸಿಯ ವಾಟರ್‌ಪ್ರೂಫಿಂಗ್ ಅದಕ್ಕಿಂತ ಮುಂಚೆಯೇ ಮುಗಿಸಿ. ಪ್ಯಾನೆಲ್ ಕೂರಿಸಿದ ಮೇಲೆ ಅದರ ಕೆಳಗೆ ಕೆಲಸ ಮಾಡಲು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.