ಸಹಾಯ ಬೇಕು: ವಾರ್ನಿಷ್ ಹಾಕಿದ ಮೇಲೆ ಮೋಟಾರಿನೊಳಗಿನ ಫೈಬರ್ ಸೆನ್ಸರ್ ತಪ್ಪು ತಾಪ ತೋರಿಸುತ್ತಿದೆ

ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟಿಗಾಗಿ 7.5 ಕಿಲೋವಾಟ್ ಇಂಡಕ್ಷನ್ ಮೋಟಾರಿನ ಸ್ಟೇಟರ್ ವೈಂಡಿಂಗ್ (ತಿರುಗದ ಭಾಗದ ತಂತಿ ಸುರುಳಿ) ನಡುವೆ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಸೆನ್ಸರ್ ಕೂರಿಸಿದ್ದೇನೆ. ಇದು ಗಾಜಿನ ಎಳೆಯೊಳಗೆ ಬರೆದ ಸೂಕ್ಷ್ಮ ಗೆರೆಗಳ ಸಾಲು; ಒಂದು ತರಂಗಾಂತರದ ಬೆಳಕನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ, ತಾಪ ಬದಲಾದರೆ ಆ ತರಂಗಾಂತರ ಸರಿಯುತ್ತದೆ. ಮೋಟಾರ್ ಓಡುವುದು ವಿಎಫ್‌ಡಿಯಲ್ಲಿ (ಆವರ್ತನ ಬದಲಿಸಿ ವೇಗ ನಿಯಂತ್ರಿಸುವ ಸಾಧನ). ಅದರ ವಿದ್ಯುತ್ ಗದ್ದಲಕ್ಕೆ ಪಿಟಿ-100 (ಪ್ಲಾಟಿನಂ ತಾಪ ಸೆನ್ಸರ್) ರೀಡಿಂಗ್ ಒಂದೇ ಸಮನೆ ಕುಣಿಯುತ್ತಿತ್ತು. ಗಾಜಿನ ಎಳೆಗೆ ಆ ಕಾಟವಿಲ್ಲವೆಂದೇ ಈ ದಾರಿ ಹಿಡಿದೆ.

ಬಿಸಿನೀರಿನಲ್ಲಿಟ್ಟು ಕ್ಯಾಲಿಬ್ರೇಷನ್ ಮಾಡಿದಾಗ 1550 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರ ಡಿಗ್ರಿಗೆ ಸುಮಾರು 10 ಪಿಕೋಮೀಟರ್‌ನಂತೆ ಅಚ್ಚುಕಟ್ಟಾಗಿ ಸರಿಯುತ್ತಿತ್ತು. ವಾರ್ನಿಷ್ ಹಾಕಿ ಓವನ್‌ನಲ್ಲಿ ಒಣಗಿಸಿದ ಮೇಲೆ ಲೆಕ್ಕವೇ ತಪ್ಪಿತು. ರಾತ್ರಿಯಿಡೀ ನಿಂತಿದ್ದ ಮೋಟಾರ್, ಕೋಣೆಯಲ್ಲಿ 27 ಡಿಗ್ರಿ. ಸೆನ್ಸರ್ ತೋರಿಸಿದ್ದು 18! ಲೋಡ್ ಕೊಟ್ಟು ಬಿಸಿ ಮಾಡಿ ತಣಿಸಿದರೆ ಪ್ರತಿ ಸಲವೂ ಬೇರೆ ಅಂಕಿ. ಹಾಗಾಗಿ ಶೂನ್ಯವನ್ನು ಸರಿಹೊಂದಿಸಿದರೂ ಪ್ರಯೋಜನವಾಗಲಿಲ್ಲ.

ಗಟ್ಟಿಯಾದ ವಾರ್ನಿಷ್ ಎಳೆಯನ್ನು ಹಿಂಡುತ್ತಿದೆ ಎಂಬುದು ನನ್ನ ಅಂದಾಜು. ಎಳೆ ಹಿಗ್ಗಿದರೂ ಕುಗ್ಗಿದರೂ ತರಂಗಾಂತರ ಒಂದು ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲು) ಸುಮಾರು 1.2 ಪಿಕೋಮೀಟರ್ ಸರಿಯುತ್ತದೆ. ಒಂದೇ ಗ್ರೇಟಿಂಗ್ ಇರುವಾಗ ತಾಪದ ಪಾಲು ಯಾವುದು, ಹಿಗ್ಗು-ಕುಗ್ಗಿನ ಪಾಲು ಯಾವುದು ಎಂದು ಬಿಡಿಸಲಾಗದು. ಅದಕ್ಕೇ ಇನ್ನೊಂದು ಎಳೆಯನ್ನು ಸಣ್ಣ ಟೆಫ್ಲಾನ್ ನಳಿಕೆಯೊಳಗೆ ಸಡಿಲವಾಗಿ ಬಿಟ್ಟು, ಎರಡೂ ಬಾಯಿಗೆ ಸಿಲಿಕೋನ್ ಮೆತ್ತಿದೆ. ಅದೂ ಕೈಕೊಟ್ಟಿತು. ನಳಿಕೆ ಸೀಳಿ ನೋಡಿದರೆ ಜೇನುಬಣ್ಣದ ವಾರ್ನಿಷ್ ಹನಿ ಸರಿಯಾಗಿ ಗ್ರೇಟಿಂಗ್ ಮೇಲೆಯೇ ಗಟ್ಟಿಯಾಗಿ ಕೂತಿತ್ತು. ಸಿಲಿಕೋನ್ ಟೆಫ್ಲಾನ್‌ಗೆ ಹಿಡಿದುಕೊಂಡೇ ಇರಲಿಲ್ಲ.

ಮೂರನೇ ಸಲ ವೈಂಡಿಂಗ್ ಬಿಚ್ಚುವ ಮುಂಚೆ ಅನುಭವಸ್ಥರನ್ನು ಕೇಳುತ್ತಿದ್ದೇನೆ. ವಾರ್ನಿಷ್ ನುಗ್ಗದಂತೆ ನಳಿಕೆಯ ಬಾಯಿ ಮುಚ್ಚಲು ಏನು ಬಳಸಬೇಕು? ಅಥವಾ ಖಾಲಿ ನಳಿಕೆಯನ್ನು ಕೂರಿಸಿ, ವಾರ್ನಿಷ್ ಒಣಗಿದ ಮೇಲೆ ಎಳೆಯನ್ನು ತೂರಿಸುವುದೇ ಸರಿಯೇ? ಹಾಗೆ ಮಾಡಿದವರಿದ್ದರೆ ನಳಿಕೆಯ ಒಳವ್ಯಾಸ ಎಷ್ಟಿತ್ತು ಎಂದು ದಯವಿಟ್ಟು ತಿಳಿಸಿ.