ಸಾವಕಾಶ ಮಾಡಿದರೆ ಹೊಟ್ಟೆ ತುಂಬುತ್ತಾ? ಬೆಳಗಾವಿಯ ಮ್ಯೂಸಿಕ್ ಪ್ರೊಡ್ಯೂಸರ್ ಜೊತೆ ಪ್ರಶ್ನೋತ್ತರ

ನಮಸ್ಕಾರ್ರೀ ಎಲ್ಲರಿಗೂ. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ಕೋಣೆ ಇದೆ. ಹನ್ನೊಂದು ವರ್ಷದಿಂದ ಅಲ್ಲೇ ಕೂತು ಹಾಡಿನ ಪ್ರೊಡಕ್ಷನ್, ಮಿಕ್ಸಿಂಗ್ (ಬೇರೆ ಬೇರೆ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಸೇರಿಸೋದು) ಮಾಡುತ್ತಿದ್ದೇನೆ. ಯಾವ ಕಂಪನಿಯ ನೌಕರಿಯೂ ಇಲ್ಲ. ಭಜನೆ ಪದ, ದೇವಿ ಹಾಡು, ಡಿಜೆ ಜಾನಪದ, ಗಣಪತಿ ಹಬ್ಬಕ್ಕೆ ಮರಾಠಿ ಹಾಡು, ಕಾಲೇಜು ಹುಡುಗರ ರ‍್ಯಾಪ್, ಬಂದದ್ದೆಲ್ಲ ಮಾಡುತ್ತೇನೆ. ನಮ್ಮ ಗ್ರೂಪಿನ ಅಡ್ಮಿನ್ ಅಕ್ಕ ಒಂದು ಸಂಜೆ ಪ್ರಶ್ನೆ ತಗೊಳ್ಳಿ ಅಂದರು. ಕೇಳಿ.

ಮುಧೋಳದಿಂದ: ಅಣ್ಣಾ, ದಿನಕ್ಕೆ ಒಂದೇ ಹಾಡು ಮಿಕ್ಸ್ ಮಾಡುತ್ತೇನೆ ಅಂತ ಹೋದ ವಾರ ಬರೆದಿದ್ದಿರಿ. ನಾನು ಮೂರು ಮಾಡುತ್ತೇನೆ. ಆದರೂ ತಿಂಗಳ ಕೊನೆಗೆ ರೊಕ್ಕ ಉಳಿಯಲ್ಲ. ಅಷ್ಟು ಸಾವಕಾಶ ಮಾಡಿದರೆ ಹೊಟ್ಟೆ ತುಂಬುತ್ತಾ?

ಉತ್ತರ: ತಮ್ಮಾ, ನಾನೂ ಮೂರು ಮಾಡುತ್ತಿದ್ದೆ. ಒಂದು ಶ್ರಾವಣದಲ್ಲಿ, ಗಣಪತಿ ಹಾಡುಗಳ ಗದ್ದಲದಲ್ಲಿ, ಯಾವ ಹಾಡು ತಿದ್ದೋಕೆ ಎಷ್ಟು ಸಲ ವಾಪಸ್ ಬಂತು ಅಂತ ಡೈರಿಯಲ್ಲಿ ಗೆರೆ ಎಳೆದೆ. ಒಂದು ಹಾಡು ಏಳು ಸಲ ಬಂದಿತ್ತು. "ಏನೋ ಸರಿ ಇಲ್ರೀ" ಅಂತ ಅಷ್ಟೇ ದೂರು. ಏನು ಸರಿ ಇಲ್ಲ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯೋಚನೆ ಮಾಡಿದಾಗ ಹೊಳೆಯಿತು, ಆ ಹಾಡನ್ನು ನಾನು ಪೂರ್ತಿ ಕೇಳಿಯೇ ಇರಲಿಲ್ಲ. ಫೈಲ್ ಬಂತು, ಹತ್ತು ಸೆಕೆಂಡಿಗೆ ಕೈ ಮೌಸ್‌ಗೆ ಹೋಯಿತು, ಈಕ್ಯೂ (ಬೇಸ್, ಟ್ರೆಬಲ್ ಹದ ಮಾಡೋದು) ಶುರು. ನಾಲ್ಕು ತಾಸು ಕೆಲಸ ಮಾಡಿದ್ದೆ, ಒಂದು ಸಲ ಕೇಳಿರಲಿಲ್ಲ.

ಒಂದು ಹಾಡನ್ನು ಮೊದಲ ಸಲ ಕೇಳುವ ಕಿವಿ ಒಂದೇ ಸಲ ಸಿಗುತ್ತೆ. ಕೇಳುಗನಿಗೆ ಇರೋದು ಅದೇ ಕಿವಿ. ನಮಗೆ ಅರ್ಧ ತಾಸಿನಲ್ಲಿ ಅದು ಹೋಗಿಬಿಡುತ್ತೆ, ಆಮೇಲೆ ಎಲ್ಲವೂ ಚೆನ್ನಾಗೇ ಕೇಳುತ್ತೆ. ಅದಕ್ಕೆ ಈಗ ಹೊಸ ಹಾಡು ಬಂದರೆ ಸ್ಕ್ರೀನ್ ಆರಿಸುತ್ತೇನೆ. ಸಣ್ಣ ನೋಟ್‌ಬುಕ್, ಪೆನ್ಸಿಲ್. ಶುರುವಿನಿಂದ ಕೊನೆವರೆಗೆ ನಿಲ್ಲಿಸದೆ ಕೇಳುತ್ತೇನೆ. ಏನು ಮಾಡಬೇಕು ಅಂತ ಬರೆಯಲ್ಲ, ಏನು ಅನ್ನಿಸಿತು ಅಂತ ಬರೆಯುತ್ತೇನೆ. "ಎರಡನೇ ನುಡಿಯಲ್ಲಿ ಬೇಜಾರು." "ಇಲ್ಲಿ ಮಾತು ತಿಳಿಯಲಿಲ್ಲ." "ಹಲಗೆ ಬಂದಾಗ ಮೈ ಜುಮ್ ಅಂತು." ಸಂಜೆ ತಲೆ ಕೆಟ್ಟಾಗ ಆ ಹಾಳೆ ತೆಗೆದು ನೋಡುತ್ತೇನೆ. ಈಗ ಹಾಡು ವಾಪಸ್ ಬಂದರೂ ಒಂದು ಸಲ, ಹೆಚ್ಚೆಂದರೆ ಎರಡು ಸಲ. ರೊಕ್ಕ ಉಳಿದದ್ದು ಅಲ್ಲೇ ನೋಡಿ.

ಮುಧೋಳದಿಂದ: ಇದಕ್ಕೆ ಧ್ಯಾನ ಗೀನ ಕಲಿಯಬೇಕಾ?

ಉತ್ತರ: ನಾನು ಧ್ಯಾನಕ್ಕೆ ಕೂತರೆ ನಿದ್ದೆ ಬರುತ್ತೆ. ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬಿ ಮೇಲೆ ಇಟ್ಟು ಬನ್ನಿ, ಸದ್ಯಕ್ಕೆ ಅಷ್ಟು ಸಾಕು.

ಸವದತ್ತಿಯಿಂದ: ಸರ್, ನಮ್ಮೂರ ಭಜನಾ ಮೇಳವನ್ನು ರೆಕಾರ್ಡ್ ಮಾಡಬೇಕು. ಕ್ಲಿಕ್ (ಹೆಡ್‌ಫೋನಿನಲ್ಲಿ ಒಂದೇ ಲಯದ ಟಕ್ ಟಕ್ ಸದ್ದು) ಹಾಕಿದರೆ ಹಿರಿಯರು ತಪ್ಪುತ್ತಾರೆ. ಹಾಕದಿದ್ದರೆ ಆಮೇಲೆ ಪ್ಯಾಡ್ (ಎಲೆಕ್ಟ್ರಾನಿಕ್ ತಾಳವಾದ್ಯ) ಸೇರಿಸೋದು ಹೇಗೆ?

ಉತ್ತರ: ಅವರು ತಪ್ಪುತ್ತಿಲ್ಲ. ಇದನ್ನು ನನಗೆ ಕಲಿಸಿದ್ದು ಬೈಲಹೊಂಗಲದ ಕಡೆಯ ಒಬ್ಬ ಅಜ್ಜ. ಐದು ಜನರ ಮೇಳ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಒಬ್ಬರು ಹಾಡೋದು. ನಾನು ದೊಡ್ಡ ಸ್ಟುಡಿಯೋದವನ ಹಾಗೆ ಎಲ್ಲರಿಗೂ ಹೆಡ್‌ಫೋನ್ ಹಾಕಿ ಕ್ಲಿಕ್ ಬಿಟ್ಟೆ, ನಿಮಿಷಕ್ಕೆ 92 ಪೆಟ್ಟು. ದಮ್ಮಡಿ ಅಜ್ಜ ನಾಲ್ಕು ಸಾಲು ನುಡಿಸಿದರು. ಹೆಡ್‌ಫೋನ್ ತೆಗೆದು ತೊಡೆ ಮೇಲೆ ಇಟ್ಟುಕೊಂಡರು. "ಯಾರೋ ಹಿಂದಿಂದ ಅಂಗಿ ಹಿಡಿದು ಜಗ್ಗಿದಂಗ ಆಗ್ತೈತಪಾ" ಅಂದರು.

ಭಜನೆ ಪದದ ಲಯ ಏರುತ್ತಾ ಹೋಗುತ್ತೆ ಅಲ್ವಾ. ಮೊದಲ ನುಡಿ ನಡಿಗೆ, ಕೊನೆಯ ನುಡಿ ಓಟ. ನಾನು ಅದನ್ನು ಗೂಟಕ್ಕೆ ಕಟ್ಟಿದ್ದೆ. ಕ್ಲಿಕ್ ತೆಗೆದು, ಮನೆಯಲ್ಲಿ ಕೂರುವ ಹಾಗೇ ಸುತ್ತ ಕೂರಿಸಿ, ಮೊದಲ ಪದ ಸುಮ್ನೆ ಹಾಡಿಸಿದೆ. ಎರಡನೆಯದನ್ನು ರೆಕಾರ್ಡ್ ಮಾಡಿದೆ. ಆಮೇಲೆ ಅಳೆದರೆ 88ರಲ್ಲಿ ಶುರುವಾಗಿ 117ಕ್ಕೆ ಮುಗಿದಿತ್ತು. ಎಲ್ಲೂ ಜಿಗಿದಿಲ್ಲ, ಐದೂ ಜನ ಒಟ್ಟಿಗೆ ಏರಿದ್ದಾರೆ.

ನೀವು ಹೀಗೆ ಮಾಡಿ. ನಡುವೆ ಎರಡು ಮೈಕ್, ಹಾಡುವವರ ಬಾಯಿ ಹತ್ತಿರ ಒಂದು. ತಾಳದವರನ್ನು ನಾಲ್ಕು ಅಡಿ ಹಿಂದೆ ಕೂರಿಸಿ, ಇಲ್ಲದಿದ್ದರೆ ಎಲ್ಲ ಮೈಕಿನಲ್ಲೂ ಬರೀ ತಾಳ. 24 ಬಿಟ್‌ನಲ್ಲಿ ಇಡಿ, ಶುರುವಿನಲ್ಲಿ ರೆಕಾರ್ಡಿಂಗ್ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ಇರಲಿ. ಕೊನೆಯ ನುಡಿಗೆ ಎಲ್ಲರ ದನಿಯೂ ದೊಡ್ಡದಾಗುತ್ತೆ, ಜಾಗ ಬೇಕು. ಫ್ಯಾನ್ ಆರಿಸಿ. ಪಕ್ಕದ ಮನೆಯ ಬೋರ್ ಮೋಟಾರ್ ಯಾವ ಹೊತ್ತಿಗೆ ಶುರುವಾಗುತ್ತೆ ಅಂತ ಮೊದಲೇ ಕೇಳಿಕೊಳ್ಳಿ. ಪ್ಯಾಡ್ ಬೇಕೇ ಬೇಕು ಅಂದರೆ, ಆಮೇಲೆ ಅವರ ದಮ್ಮಡಿಯ ಪೆಟ್ಟು ಹಿಡಿದು ಟೆಂಪೋ ಮ್ಯಾಪ್ ಮಾಡಿ, ಅಂದರೆ ಲಯ ಎಲ್ಲಿ ಎಷ್ಟು ಅಂತ ಕಂಪ್ಯೂಟರಿಗೆ ಗುರುತು ಹಾಕಿ. ಕಂಪ್ಯೂಟರ್ ಮೇಳದ ಹಿಂದೆ ಬರಲಿ. ಒಂದು ಪದಕ್ಕೆ ಒಂದು ತಾಸು ಹಿಡಿಯುತ್ತೆ, ಬೇಸರದ ಕೆಲಸವೇ.

ಇನ್ನೊಂದು ಮಾತು. ಹಾಡುವವರ ಉಸಿರನ್ನು ಗೇಟ್ (ಸಣ್ಣ ಸದ್ದನ್ನು ಕತ್ತರಿಸೋದು) ಹಾಕಿ ಒರೆಸಬೇಡಿ. ನಾನು ಒರೆಸಿದ್ದೆ. ಕೇಳಿದರೆ ಯಾರೋ ನೀರಲ್ಲಿ ಮುಳುಗಿ ಹಾಡಿದ ಹಾಗೆ ಇತ್ತು.

ಅಥಣಿಯಿಂದ: ಯಾವ ಸಾಫ್ಟ್‌ವೇರ್ ಬಳಸುತ್ತೀರಿ?

ಉತ್ತರ: ರೀಪರ್. 60 ದಿನ ಬಳಸಿ ನೋಡಬಹುದು, ಆಮೇಲೆ ಕೊಳ್ಳುವಾಗಲೂ ಅಗ್ಗ.

ವಿಜಯಪುರದಿಂದ: ನನ್ನ ಕೋಣೆ 10 ಅಡಿ ಉದ್ದ, 10 ಅಡಿ ಅಗಲ. ಗೋಡೆ ತುಂಬಾ ಮೊಟ್ಟೆ ಟ್ರೇ ಅಂಟಿಸಿದ್ದೇನೆ. ಇಲ್ಲಿ ಬೇಸ್ ಕಡಿಮೆ ಅನ್ನಿಸುತ್ತೆ, ಕಾರಿನಲ್ಲಿ ಹಾಕಿದರೆ ಗುಂಯ್ ಅನ್ನುತ್ತೆ. ಸ್ಪೀಕರ್ ಬದಲಿಸಲಾ?

ಉತ್ತರ: ಗೋಲ್ ಗುಮ್ಮಟದ ಊರಿನವರಿಗೆ ಗೋಡೆಯ ಆಟ ನಾನು ಹೇಳೋದಾ! ಅಲ್ಲಿ ಒಂದು ಕಡೆ ಪಿಸುಗುಟ್ಟಿದರೆ ಆ ತುದಿಯಲ್ಲಿ ಕೇಳುತ್ತೆ. ಸ್ಪೀಕರ್ ಬದಲಿಸಬೇಡಿ, ತಪ್ಪು ಕೋಣೆಯದು. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತೆ. 10 ಅಡಿ ದೂರದ ಎರಡು ಗೋಡೆ ಮಧ್ಯೆ 56 ಹರ್ಟ್ಸ್ ಆಸುಪಾಸಿನ ಬೇಸ್ ಸಿಕ್ಕಿಕೊಳ್ಳುತ್ತೆ. ಗೋಡೆ ಹತ್ತಿರ ಉಬ್ಬುತ್ತೆ, ಕೋಣೆಯ ನಡುವೆ ಮಾಯವಾಗುತ್ತೆ. ನಿಮ್ಮದು ಉದ್ದ ಅಗಲ ಎರಡೂ ಒಂದೇ, ಹಾಗಾಗಿ ಎರಡು ಪಟ್ಟು ತೊಂದರೆ. ನೀವು ಬಹುಶಃ ನಡುವೆಯೇ ಕೂತಿದ್ದೀರಿ. ಕೇಳಿಸಲ್ಲ ಅಂತ ಬೇಸ್ ಏರಿಸುತ್ತೀರಿ, ಕಾರು ಗುಂಯ್ ಅನ್ನುತ್ತೆ.

ಇವತ್ತು ರಾತ್ರಿ 56 ಹರ್ಟ್ಸ್ ಟೋನ್ ಸಣ್ಣಗೆ ಹಾಕಿ. ದೀಪ ಆರಿಸಿ ಕೋಣೆಯಲ್ಲಿ ಮೆಲ್ಲಗೆ ನಡೆಯಿರಿ. ಎಲ್ಲಿ ಹೋಗುತ್ತೆ, ಎಲ್ಲಿ ಬರುತ್ತೆ ಅಂತ ಕಿವಿಗೇ ಗೊತ್ತಾಗುತ್ತೆ. ಆಮೇಲೆ ಕುರ್ಚಿಯನ್ನು ಮುಂದಿನ ಗೋಡೆಯಿಂದ ನಾಲ್ಕು ಅಡಿಗಿಂತ ಸ್ವಲ್ಪ ಹತ್ತಿರ ಇಡಿ. ಮೂಲೆಗಳಿಗೆ ನಾಲ್ಕು ಇಂಚು ಅಥವಾ ಇನ್ನೂ ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ ಹಲಗೆ) ಇಡಿ. ಅಕ್ಕಪಕ್ಕದ ಗೋಡೆಗೆ ನಮ್ಮ ಕೌದಿ ಮಡಚಿ ತೂಗುಹಾಕಿ, ಮೇಲಿನ ದನಿ ಅಷ್ಟು ಚುಚ್ಚಲ್ಲ. ನಮ್ಮಲ್ಲಿ ಅವ್ವ ಹೊಲೆದ ಎರಡು ಕೌದಿ ಇನ್ನೂ ತೂಗುತ್ತಿವೆ. ಟ್ರೇಗಳನ್ನು ಅಂಗಡಿಗೆ ಕೊಟ್ಟುಬಿಡಿ, ಅವು ಬೇಸನ್ನು ಮುಟ್ಟೋದೂ ಇಲ್ಲ.

ಜಮಖಂಡಿಯಿಂದ: ಡಿಜೆ ಜಾನಪದದವರು "ಇನ್ನೂ ಸೌಂಡ್ ಬೇಕು" ಅಂತಾರೆ. ಜೋರಾಗಿ ಇಟ್ಟು ಮಿಕ್ಸ್ ಮಾಡಿ ಮಾಡಿ ರಾತ್ರಿ ಕಿವಿ ಕುಯ್ ಅನ್ನುತ್ತೆ.

ಉತ್ತರ: ಮೊದಲು ಕಿವಿ ವೈದ್ಯರಿಗೆ ತೋರಿಸಿ, ಮುಂದೂಡಬೇಡಿ. 85 ಡೆಸಿಬಲ್ ಇದ್ದರೆ ದಿನಕ್ಕೆ ಎಂಟು ತಾಸು ಮಿತಿ ಅಂತ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧ. 94ಕ್ಕೆ ಒಂದು ತಾಸು, 100ಕ್ಕೆ ಹದಿನೈದೇ ನಿಮಿಷ. ಜೋರಾಗಿ ಕೇಳಿದರೆ ಬೇಸೂ ಮೇಲಿನ ದನಿಯೂ ಹೆಚ್ಚಾಗಿ ಕೇಳುತ್ತೆ, ಮಿಕ್ಸ್ ಕೆಟ್ಟಿದ್ದರೂ ಗೊತ್ತಾಗಲ್ಲ. ನಾನು ಪಕ್ಕದಲ್ಲಿ ಕೂತವರ ಜೊತೆ ದನಿ ಏರಿಸದೆ ಮಾತಾಡುವಷ್ಟು ಇಟ್ಟು ಮಿಕ್ಸ್ ಮಾಡುತ್ತೇನೆ. ಕೊನೆಗೆ ಎರಡು ನಿಮಿಷ ಜೋರು.

ಸೌಂಡ್ ಕೇಳುವವರಿಗೆ ಎರಡು ಫೈಲ್ ಕೊಡಿ. ಸ್ಪಾಟಿಫೈ ಜೋರಿನ ಹಾಡನ್ನು ತಾನೇ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಜೋರಿನ ಅಳತೆ) ಸುತ್ತ ಇಳಿಸುತ್ತೆ, ಯೂಟ್ಯೂಬೂ ಇಳಿಸುತ್ತೆ. ಅಲ್ಲಿ ಹಾಡನ್ನು ಹಿಂಡಿ ಜೋರು ಮಾಡಿದರೆ ನಷ್ಟ ನಮಗೇ. ಜಾತ್ರೆಯ ಡಿಜೆ ಬಾಕ್ಸ್ ಏನನ್ನೂ ಇಳಿಸಲ್ಲ, ಅದಕ್ಕೆ ಬೇರೆ ಮಾಸ್ಟರ್ (ಕೊನೆಯ ಫೈಲ್).

ಬಾಗಲಕೋಟೆಯಿಂದ: ಸರ್, ನಾನು ಮನೆಯಿಂದ ಮಿಕ್ಸಿಂಗ್ ಮಾಡುತ್ತೇನೆ. ರಾತ್ರಿ 11ಕ್ಕೆ ವಾಯ್ಸ್ ಮೆಸೇಜ್ ಬರುತ್ತೆ, "ಅಕ್ಕಾ, ಒಂದ್ ಸಣ್ಣ ಕರೆಕ್ಷನ್". ರೊಕ್ಕ ಮಾತ್ರ ಉದ್ರಿ. ಹಕ್ಕಿನ ಬಗ್ಗೆಯೂ ಹೇಳಿ.

ಉತ್ತರ: ಅಕ್ಕಾ, ಅರ್ಧ ಅಡ್ವಾನ್ಸ್ ಬರದೆ ಫೈಲ್ ತೆರೆಯಬೇಡಿ. ಎರಡು ಕರೆಕ್ಷನ್ ರೇಟಿನಲ್ಲೇ ಸೇರಿರಲಿ, ಮೂರನೆಯದಕ್ಕೆ ಬೇರೆ ರೊಕ್ಕ. ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆದು ಕೊಡಲಿ, ಯಾವ ನಿಮಿಷ ಯಾವ ಸೆಕೆಂಡ್ ಅಂತ. ಬರೆಯಬೇಕು ಅಂದರೆ ಅವರೂ ಇನ್ನೊಂದು ಸಲ ಕೇಳುತ್ತಾರೆ, ಅರ್ಧ ಕರೆಕ್ಷನ್ ಅಲ್ಲೇ ಬಿದ್ದುಹೋಗುತ್ತೆ. ರಾತ್ರಿ ಎಂಟರ ಮೇಲೆ ನಾನು ಉತ್ತರ ಕೊಡಲ್ಲ. ಇದರಿಂದ ಇಬ್ಬರು ಕೈಬಿಟ್ಟು ಹೋದರು, ಅದೂ ನಿಜ. ಸ್ಟೆಮ್‌ಗಳನ್ನು (ದನಿ, ವಾದ್ಯ ಬೇರೆ ಬೇರೆ ಇರುವ ಫೈಲುಗಳು) ಮಾತ್ರ ಪೂರ್ತಿ ರೊಕ್ಕ ಬಂದ ಮೇಲೆ ಕೊಡಿ. ಒಬ್ಬರು ಆರು ಹಾಡಿನ ಸ್ಟೆಮ್ ತಗೊಂಡು ಹೋದರು, ಮರುದಿನದಿಂದ ಫೋನ್ ಎತ್ತಲಿಲ್ಲ.

ಹಕ್ಕಿನದು ಸ್ವಲ್ಪ ತೊಡಕು. ನಮ್ಮನ್ನು ಪ್ರೊಡ್ಯೂಸರ್ ಅಂತ ಕರೆಯುತ್ತಾರೆ, ಆದರೆ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣದ ಪ್ರೊಡ್ಯೂಸರ್ ಅಂದರೆ ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವರು. ಸಾಮಾನ್ಯವಾಗಿ ಅದು ರೊಕ್ಕ ಹಾಕಿದವರು. ನೀವೇ ರಾಗ ಕಟ್ಟಿದ್ದರೆ ಅದು ಬೇರೆ ಹಕ್ಕು. ಅದನ್ನು ಬರೆದು ಸಹಿ ಹಾಕಿ ಮಾತ್ರ ಬಿಟ್ಟುಕೊಡಲು ಆಗುತ್ತೆ. ಎಷ್ಟು ವರ್ಷಕ್ಕೆ ಅಂತ ಕಾಗದದಲ್ಲಿ ಇಲ್ಲದಿದ್ದರೆ 5 ವರ್ಷ ಅಂತ, ಎಲ್ಲಿಗೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ ಅಂತ ಕಾನೂನು ತಿಳಿದುಕೊಳ್ಳುತ್ತೆ. ಒಂದು ಪುಟದ ಕಾಗದ ಮಾಡಿಸಿ. ಮಿಕ್ಸ್ ಮಾತ್ರ ಮಾಡಿದ್ದೀರಾ, ರಾಗವೂ ನಿಮ್ಮದೇನಾ, ಅದರಲ್ಲಿ ಬಿಡಿಸಿ ಬರೆದಿರಲಿ.

ಮುಧೋಳದಿಂದ: ಅಣ್ಣಾ, ಈಗಷ್ಟೇ ಒಂದು ಹಾಡು ಬಂತು. ಸ್ಕ್ರೀನ್ ಆರಿಸಿ ಪೂರ್ತಿ ಕೇಳಿದೆ. 1:40ರಲ್ಲಿ ಹಾಡುವವನು ನಡುವೆ ಕಿಸಕ್ಕನೆ ನಕ್ಕಿದ್ದಾನೆ. ತೆಗೆಯಬೇಕಾ?

ಉತ್ತರ: ಹಾಳೆಯಲ್ಲಿ ಏನು ಬರೆದೆ?

ಮುಧೋಳದಿಂದ: "ಇಲ್ಲಿ ನನಗೂ ನಗು ಬಂತು" ಅಂತ.

ಉತ್ತರ: ಹಾಗಾದ್ರೆ ಸದ್ಯಕ್ಕೆ ಮುಟ್ಟಬೇಡ. ನಾಳೆ ಬೆಳಿಗ್ಗೆ ಹಾಡಿದವನಿಗೆ ಫೋನ್ ಮಾಡಿ ಒಂದು ಮಾತು ಕೇಳು. ಇಲ್ಲಿ ಮಳೆ ಶುರುವಾಯಿತು, ತಗಡಿನ ಸದ್ದಿಗೆ ಏನೂ ಕೇಳುತ್ತಿಲ್ಲ. ಉಳಿದವರಿಗೆ ನಾಳೆ ಬರೆಯುತ್ತೇನೆ.