ಪದಚರ್ಚೆ (ತುರ್ತು): ‘ರೋಧಕ ಬೆಸೆದರೆ ವೋಲ್ಟೇಜ್ ಏರುತ್ತದೆ’ ಎಂದು ಬರೆಯಬಹುದೇ?

ಕುಶಾಲನಗರದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಹನ್ನೊಂದು ಗಂಟೆಯೊಳಗೆ ನಾಲ್ಕು ಪುಟದ ಕೈಪಿಡಿಯೊಂದನ್ನು ಜೆರಾಕ್ಸ್ ಅಂಗಡಿಗೆ ಕೊಡಬೇಕು. ಭಾನುವಾರ ಐಟಿಐ ಹುಡುಗರಿಗೆ ಒಂದು ಪಾಠ ಇಟ್ಟುಕೊಂಡಿದ್ದೇನೆ. ಕಂಪ್ಯೂಟರ್ ಮದರ್‌ಬೋರ್ಡಿಗೆ ಒಂದು ರೆಸಿಸ್ಟರ್ ಬೆಸೆದು, ಪ್ರೊಸೆಸರ್‌ಗೆ ಹೋಗುವ ವೋಲ್ಟೇಜನ್ನು ಸ್ವಲ್ಪ ಏರಿಸುವುದು ಹೇಗೆ ಅಂತ. ಎಲ್ಲಾ ಗುಜರಿ ಬೋರ್ಡುಗಳೇ. ಸುಟ್ಟರೂ ಅಳುವವರಿಲ್ಲ.

ರೆಸಿಸ್ಟರಿಗೆ ಪಠ್ಯಪುಸ್ತಕದ ಪದ ಹಿಡಿದು ಹೀಗೆ ಬರೆದೆ: ‘ಫೀಡ್‌ಬ್ಯಾಕ್ ಪಿನ್ನಿಗೂ ಗ್ರೌಂಡಿಗೂ ನಡುವೆ 10ಕೆ (ಹತ್ತು ಸಾವಿರ ಓಮ್) ರೋಧಕವನ್ನು ಬೆಸೆದರೆ ವೋಲ್ಟೇಜ್ ಏರುತ್ತದೆ.’ ಕರಡು ಓದಿದ ಒಬ್ಬ ಹುಡುಗ ಕೇಳಿದ, ‘ಸರ್, ರೋಧಕ ಅಂದ್ರೆ ತಡೆಯೋದು ಅಲ್ವಾ? ತಡೆಯೋದನ್ನ ಹಾಕಿದ್ರೆ ಇಳೀಬೇಕು. ಏರೋದು ಹೇಗೆ?’

ಇಷ್ಟು ವರ್ಷ ‘ರೆಸಿಸ್ಟರ್’ ಎಂದು ಪಾಠ ಮಾಡಿದಾಗ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಈಗ ಪದ ಬದಲಿಸಲೋ, ವಾಕ್ಯ ಬದಲಿಸಲೋ?

ಇನ್ನೊಂದು ಗೊಂದಲ. ‘ಬೆಸುಗೆ’ ಎಂದರೆ ಗೇಟು ಕಿಟಕಿ ಮಾಡುವ ವೆಲ್ಡಿಂಗೂ ಅದೇ, ನನ್ನ ಸೋಲ್ಡ್ರಿಂಗೂ ಅದೇ. ಬೇರೆ ಪದ ಇದೆಯಾ? ತಲೆಬರಹಕ್ಕೆ ‘ವೋಲ್ಟೇಜ್ ಏರಿಸುವ ಬೆಸುಗೆ’ ಎಂದು ಹಾಕಿದ್ದೆ. ಅದನ್ನು ನೋಡಿದ ಪಕ್ಕದ ಮನೆ ಅಕ್ಕ, ‘ನಮ್ಮನೆಗೂ ಒಂದು ಹಾಕಿಕೊಡಿ, ಸಂಜೆ ಹೊತ್ತು ಮಿಕ್ಸಿ ತಿರುಗಲ್ಲ’ ಎಂದರು.

ಮಡಿಕೇರಿಯಿಂದ:

‘ರೋಧಕ’ ಸಂಸ್ಕೃತ. ಬಿಡಿ. ‘ತಡೆ’ ಎನ್ನಿ. ವೋಲ್ಟೇಜಿಗೆ ‘ಒತ್ತಡ’, ಗ್ರೌಂಡಿಗೆ ‘ನೆಲ’. ತಮಿಳರು ರೆಸಿಸ್ಟರಿಗೂ ವೋಲ್ಟೇಜಿಗೂ ತಮ್ಮದೇ ಪದ ಕಟ್ಟಿಕೊಂಡು ಶಾಲೆಯಲ್ಲಿ ಕಲಿಸುತ್ತಿದ್ದಾರೆ. ನಮಗೆ ಮಾತ್ರ ನಾಚಿಕೆ.

‘ಬೆಸುಗೆ’ ಅಚ್ಚಗನ್ನಡ. ಅಡು–ಅಡುಗೆ, ಉಡು–ಉಡುಗೆ, ಹೊಲಿ–ಹೊಲಿಗೆ ಇದ್ದ ಹಾಗೆ ಬೆಸೆ–ಬೆಸುಗೆ. ಇದನ್ನು ಕೆಲವರು ‘ಸಮ, ಬೆಸ’ದ ಬೆಸಕ್ಕೆ ಗಂಟು ಹಾಕುತ್ತಾರೆ. ತಪ್ಪು. ಆ ಬೆಸ ಸಂಸ್ಕೃತದ ವಿಷಮದಿಂದ ಬಂದದ್ದು. ಅದು ಜೋಡಿ ಇಲ್ಲದ್ದು, ಇದು ಜೋಡಿ ಮಾಡುವುದು. ಈ ಮಾತನ್ನು ಇಲ್ಲಿ ಮೂರನೇ ಸಲ ಬರೆಯುತ್ತಿದ್ದೇನೆ.

ವಿರಾಜಪೇಟೆಯಿಂದ:

ಸರ್, ಅವರು ಬೆಸದ ಬಗ್ಗೆ ಕೇಳಲೇ ಇಲ್ಲ.

‘ನೆಲಕ್ಕೆ ಬೆಸೆಯಿರಿ’ ಎಂದು ಅಚ್ಚು ಹಾಕಿಸಿದರೆ ಹುಡುಗರು ಸಿಮೆಂಟಿಗೆ ಸೋಲ್ಡ್ರಿಂಗ್ ಐರನ್ ಇಡುತ್ತಾರೆ. ಗ್ರೌಂಡ್ ಗ್ರೌಂಡೇ ಆಗಿರಲಿ.

ನಾನು ಟಿವಿ, ಯುಪಿಎಸ್ ರಿಪೇರಿ ಮಾಡುವವ. ನಮ್ಮ ಅಂಗಡಿಯಲ್ಲಿ ಸೋಲ್ಡರ್ ತಂತಿಗೆ ‘ಲೆಡ್’ ಅಂತೀವಿ. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಇರುವ ತಂತಿ 183 ಡಿಗ್ರಿಗೆ ಕರಗುತ್ತದೆ. ಹೆಚ್ಚಿನ ಪಾಲು ತವರವೇ, ಹೆಸರು ಮಾತ್ರ ಸೀಸದ್ದು! ಸೀಸ ಇಲ್ಲದ ಹೊಸ ತಂತಿ ಕರಗಲು 217 ಡಿಗ್ರಿ ದಾಟಬೇಕು. ಅದಕ್ಕೂ ನಾವು ಲೆಡ್ ಅಂತಲೇ ಹೇಳೋದು.

ವೆಲ್ಡಿಂಗಿನಲ್ಲಿ ಕೂಡಿಸುವ ಕಬ್ಬಿಣವೇ ಕರಗುತ್ತದೆ. ಸೋಲ್ಡ್ರಿಂಗಿನಲ್ಲಿ ನಡುವಿನ ತಂತಿ ಮಾತ್ರ ಕರಗುತ್ತದೆ, ಕೂಡುವ ಎರಡೂ ಹಾಗೇ ಉಳಿಯುತ್ತವೆ. ‘ತವರದ ಬೆಸುಗೆ’ ಎಂದರೆ ಸಾಕಲ್ವಾ? ಐರನ್ನಿನ ತುದಿಗೆ ಮೊದಲು ತವರ ಸವರುತ್ತೇವಲ್ಲ, ಅದಕ್ಕಂತೂ ಪದ ಹುಡುಕುವ ಕೆಲಸವೇ ಇಲ್ಲ. ಕಲಾಯಿ! ಹಿತ್ತಾಳೆ ಪಾತ್ರೆಗೆ ಹಾಕಿಸುತ್ತಿದ್ದ ಅದೇ ಕಲಾಯಿ. ‘ತುದಿಗೆ ಕಲಾಯಿ ಹಾಕಿ’ ಎಂದು ಬರೆಯಿರಿ, ಹುಡುಗರ ಅಜ್ಜಿಗೂ ತಿಳಿಯುತ್ತದೆ.

ಮಡಿಕೇರಿಯಿಂದ:

ಕಲಾಯಿ ಅರಬ್ಬಿ.

ಗೋಣಿಕೊಪ್ಪದಿಂದ:

ಇರಲಿ ಸರ್. ಕಾಫಿಯೂ ಅರಬ್ಬಿಯಿಂದಲೇ ಬಂದದ್ದು. ನಿಮ್ಮ ತೋಟದಲ್ಲಿ ಅದಕ್ಕೆ ಏನಂತೀರಿ? ಕೂಲಿಯವರ ಮನೆಗೆ ‘ಲೈನ್ ಮನೆ’, ಒಣಗಿದ ಹಣ್ಣಿಗೆ ‘ಚೆರಿ’, ಸಿಪ್ಪೆ ತೆಗೆಯುವ ಯಂತ್ರಕ್ಕೆ ‘ಪಲ್ಪರ್’. ಬೀಗ ಹಾಕುವ ಚಾವಿ ಪೋರ್ಚುಗೀಸರದು. ಅದನ್ನೆಲ್ಲ ಒಪ್ಪಿಕೊಂಡು ಪಾಪ ರೆಸಿಸ್ಟರ್ ಮೇಲೆ ಮಾತ್ರ ಯಾಕೆ ಸಿಟ್ಟು?

‘ತಡೆ’ ಎಂದರೂ ಹುಡುಗನ ಪ್ರಶ್ನೆ ಹಾಗೇ ಉಳಿಯುತ್ತದೆ. ಇನ್ನೂ ಜೋರಾಗುತ್ತದೆ. ಜೊತೆಗೆ ನಮ್ಮ ಕಡೆ ‘ತಡೆ ಒಡೆಸುವುದು’ ಎಂದರೆ ತೆಂಗಿನಕಾಯಿ ಕುಂಬಳಕಾಯಿ ತರಬೇಕು. ‘ಒತ್ತಡ’ ಎಂದರೆ ಬಿಪಿ.

ನಾನು ಅನುವಾದ ಮಾಡುವವಳು, ನನಗೆ ಎಲೆಕ್ಟ್ರಾನಿಕ್ಸ್ ಬರುವುದಿಲ್ಲ. ಆದರೆ ತಪ್ಪು ಪದದ್ದಲ್ಲ ಅನಿಸುತ್ತಿದೆ. ವಾಕ್ಯದಲ್ಲಿ ಏನೋ ಬಿಟ್ಟುಹೋಗಿದೆ. ವೋಲ್ಟೇಜ್ ಏರಿಸುವುದು ಯಾರು? ರೋಧಕವೇ? ಕರ್ತೃ ಯಾರೆಂದು ಹೇಳಿ.

ಕುಶಾಲನಗರದಿಂದ:

ಮೇಡಂ, ಅಲ್ಲೇ ಇದೆ ನೋಡಿ! ಏರಿಸುವುದು ರೋಧಕ ಅಲ್ಲ, ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಚಿಪ್ಪು.

ಚಿಪ್ಪು ತಾನು ಕೊಡುತ್ತಿರುವ ವೋಲ್ಟೇಜಿನ ಒಂದು ಪಾಲನ್ನು ಎರಡು ರೋಧಕಗಳ ಮೂಲಕ ವಾಪಸ್ ನೋಡಿಕೊಳ್ಳುತ್ತಿರುತ್ತದೆ. ಮೇಲೊಂದು, ಫೀಡ್‌ಬ್ಯಾಕ್ ಪಿನ್ನಿಗೂ ಗ್ರೌಂಡಿಗೂ ನಡುವೆ ಕೆಳಗೊಂದು. ಎರಡೂ 1ಕೆ ಎಂದುಕೊಳ್ಳಿ. ಫೀಡ್‌ಬ್ಯಾಕ್ ಪಿನ್ನಿನಲ್ಲಿ 0.8 ವೋಲ್ಟ್ ಕಾಣಬೇಕು ಎಂಬುದು ಚಿಪ್ಪಿನ ನಿಯಮವಾದರೆ ಹೊರಗೆ 1.6 ವೋಲ್ಟ್ ಬರುತ್ತದೆ. ಈಗ ಕೆಳಗಿನದರ ಪಕ್ಕಕ್ಕೇ 10ಕೆ ಬೆಸೆಯಿರಿ. ಕರೆಂಟಿಗೆ ಇನ್ನೊಂದು ದಾರಿ ಸಿಕ್ಕಿತು. ಕೆಳಗಿನ ಒಟ್ಟು ತಡೆ 909 ಓಮ್‌ಗೆ ಇಳಿಯಿತು. ಪಿನ್ನಿನಲ್ಲಿ 0.8ಕ್ಕಿಂತ ಕಡಿಮೆ ಕಂಡ ಚಿಪ್ಪು ‘ಅಯ್ಯೋ, ಸಾಲದು’ ಎಂದು ಏರಿಸುತ್ತದೆ. 1.68ಕ್ಕೆ ಹೋಗಿ ನಿಲ್ಲುತ್ತದೆ.

ಅಂದರೆ ರೋಧಕ ಸೇರಿಸಿದ್ದರಿಂದ ತಡೆ ಕಡಿಮೆಯಾಯಿತು! ಹುಡುಗ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದ. ‘ರೆಸಿಸ್ಟರ್’ ಎಂದಾಗ ಅದೊಂದು ಸಾಮಾನಿನ ಹೆಸರು, ಅಷ್ಟೇ. ‘ರೋಧಕ’ ಎಂದಾಗ ಅರ್ಥ ಕಂಡಿತು, ಅರ್ಥ ಕಂಡದ್ದಕ್ಕೆ ಅನುಮಾನ ಬಂತು. ಪದ ಬದಲಿಸುವುದಿಲ್ಲ.

ವಿರಾಜಪೇಟೆಯಿಂದ:

ನೀರಿನ ಟ್ಯಾಂಕಿನ ತೇಲುಬಾಲಿನ ಕಡ್ಡಿ ಮೇಲಕ್ಕೆ ಬಗ್ಗಿಸಿದ ಹಾಗೆ ಅನ್ನಿ. ಬಾಲಿಗೆ ಟ್ಯಾಂಕ್ ತುಂಬಿಲ್ಲ ಅನಿಸುತ್ತದೆ, ನೀರು ಇನ್ನೂ ಮೇಲೆ ಹೋಗುತ್ತದೆ. ಜಾಸ್ತಿ ಬಗ್ಗಿಸಿದರೆ ಹೊರಗೆ ಚೆಲ್ಲುತ್ತದೆ. ಇಲ್ಲಿ ಚೆಲ್ಲುವುದು ಬಿಸಿ. ವೋಲ್ಟೇಜ್ 5% ಏರಿದರೆ ಬಿಸಿ ಹೆಚ್ಚುಕಡಿಮೆ 10% ಏರುತ್ತದೆ. ಸ್ಪೀಡನ್ನೂ ಏರಿಸಿದರೆ ಅದು ಬೇರೆ ಲೆಕ್ಕ. ಮೊದಲು 100ಕೆ ಪ್ರೀಸೆಟ್ (ತಿರುಗಿಸಿ ತಡೆ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್) ಹಾಕಿ, ಪೂರ್ತಿ ಮೇಲಿಟ್ಟು, ಮೀಟರ್ ನೋಡುತ್ತಾ ಇಳಿಸಲು ಹೇಳಿ. 10ಕೆ ನೇರ ಬೆಸೆಯುವುದು ಧೈರ್ಯದ ಮಾತು.

1998ರ ಸೆಲೆರಾನ್ 300ಎ ಪ್ರೊಸೆಸರ್ ನೆನಪಿದೆಯಾ? 300 ಮೆಗಾಹರ್ಟ್ಸ್‌ನದನ್ನು 450ಕ್ಕೆ ಓಡಿಸುತ್ತಿದ್ದರು. ಓಡದಿದ್ದರೆ ಅಂಚಿನ ಕೆಲವು ಪಿನ್ನಿಗೆ ಟೇಪ್ ಅಂಟಿಸಿ ವೋಲ್ಟೇಜ್ ಏರಿಸುತ್ತಿದ್ದರು. ಆಮೇಲೆ ರೆಸಿಸ್ಟರ್ ಮೇಲೆ ಪೆನ್ಸಿಲ್ ಗೀಚುವುದು ಬಂತು. ಸೀಸದ ಕಡ್ಡಿ ಅಂತೀವಿ ಅದಕ್ಕೆ, ಅದರಲ್ಲೂ ಸೀಸ ಇಲ್ಲ.

ಮಡಿಕೇರಿಯಿಂದ:

ತಡೆ ಸೇರಿಸಿದರೆ ತಡೆ ಕಡಿಮೆ! ಹಾಗಾದರೆ ಅದು ತಡೆಯೇ ಅಲ್ಲ, ‘ಪಕ್ಕದಾರಿ’. ಆ ಪದ ಹಾಕಿ.

ಗೋಣಿಕೊಪ್ಪದಿಂದ:

ಸರ್, ಇದು ಮಾತ್ರ ಚೆನ್ನಾಗಿದೆ. ಆದರೆ ಸಾಮಾನಿಗಲ್ಲ, ಜೋಡಣೆಗೆ. ‘ಸಮಾಂತರ ಜೋಡಣೆ’ ಎಂದು ಪುಸ್ತಕದಲ್ಲಿ ಇರುವುದು ಇದೇ ತಾನೇ?

ಕುಶಾಲನಗರದಿಂದ:

ಹೌದು ಮೇಡಂ, ಅದೇ. ಸಾಲು ಹೀಗಾಯಿತು: ‘ಕೆಳಗಿನ ರೋಧಕಕ್ಕೆ ಪಕ್ಕದಾರಿಯಾಗಿ ಇನ್ನೊಂದು ರೋಧಕವನ್ನು ತವರದಿಂದ ಬೆಸೆಯಿರಿ. ಪಿನ್ನಿನ ವೋಲ್ಟೇಜ್ ಇಳಿಯುತ್ತದೆ. ಚಿಪ್ಪು ಅದನ್ನು ಸರಿದೂಗಿಸಲು ಪ್ರೊಸೆಸರ್ ವೋಲ್ಟೇಜ್ ಏರಿಸುತ್ತದೆ.’ ಪ್ರೀಸೆಟ್ ಮಾತು ಕೆಳಗೆ ದಪ್ಪಕ್ಷರದಲ್ಲಿದೆ. ತುದಿಗೆ ಕಲಾಯಿ ಉಳಿಸಿಕೊಂಡೆ, ಕ್ಷಮಿಸಿ ಸರ್. ತಲೆಬರಹದಿಂದ ವೋಲ್ಟೇಜ್ ತೆಗೆದೆ, ಪಕ್ಕದ ಮನೆ ಅಕ್ಕ ಕಾಯುತ್ತಿದ್ದಾರೆ.

ಮಡಿಕೇರಿಯಿಂದ:

‘ಪ್ರೀಸೆಟ್’ ಅಂತೆ! ಅದಕ್ಕೆ ಕನ್ನಡದಲ್ಲಿ ಪದ ಇಲ್ಲವೇ?